ಎರಡು ಬಗೆಯ ಮದ್ದು

ಸಂಜನಾ ಬಂದೂಕಿನ ತೋಟಾವನ್ನು ಪ್ಲಾಸ್ಟಿಕ್ ಸುತ್ತಿಗೆಯಂಥ ಒಂದು ಸಾಧನದ ತಲೆಗೆ ಸಿಕ್ಕಿಸಿ ಮೇಜಿನ ಮೇಲೆ ಬಲವಾಗಿ ಕುಟ್ಟಿದಳು. ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ.

"ಹೆದರ್ಕೊಂಡ್ರಾ ಆಂಟಿ?"

"ಇಲ್ಲಮ್ಮ" ಎಂದೆ. ಸುಳ್ಳು. ಮದ್ದು ತುಂಬಿದ ತೋಟಾವನ್ನು ತೆಂಗಿನಕಾಯಿಯ ಹಾಗೆ ಕುಟ್ಟುವುದನ್ನು ಕಂಡರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ.

"ಏನೂ ಆಗಲ್ಲ. ಹಿಂದಿನ ಕ್ಯಾಪ್‌ಗೆ ಏಟು ಬಿದ್ರೆ ಮಾತ್ರ ಪ್ರಾಬ್ಲಮ್ಮು."

ಮತ್ತೊಂದು ಏಟಿಗೆ ತುದಿಯ ಗುಂಡು ಕಳಚಿಕೊಂಡಿತು. ಹಿತ್ತಾಳೆಯ ಕೇಸಿನಲ್ಲಿದ್ದ ಮದ್ದನ್ನು ಅವಳು ಬಿಳಿ ಪಿಂಗಾಣಿ ತಟ್ಟೆಗೆ ಸುರಿದು, ದೀಪವನ್ನು ಹತ್ತಿರಕ್ಕೆ ಎಳೆದು, ತಟ್ಟೆಯನ್ನು ನನ್ನ ಮುಂದೆ ತಳ್ಳಿದಳು.

ಹೋದ ಅಕ್ಟೋಬರಿನಲ್ಲಿ ಕ್ಯಾಲೆಡನ್ ಕಡೆಯ ಒಂದು ಶೂಟಿಂಗ್ ರೇಂಜಿನಲ್ಲಿ ನಮ್ಮ ಕನ್ನಡ ಕೂಟದ ಸತ್ಯಪ್ರಕಾಶರ ಹಳೆಯ ತ್ರೀ ನಾಟ್ ತ್ರೀ ಬಂದೂಕು ಸಿಡಿದು ಅವರ ಗೆಳೆಯ ಡಾಕ್ಟರ್ ಗೋಪಾಲ ಸತ್ತರು. ಆ ತೋಟಾಗಳನ್ನು ತುಂಬಿದ್ದು ಸತ್ಯಪ್ರಕಾಶರೇ ಆದ್ದರಿಂದ, ಅದು ಕೈತಪ್ಪೋ ಕೈವಾಡವೋ ಎಂದು ತಿಳಿಯಲು ಅವರ ವಕೀಲ ನನ್ನನ್ನು ಹಿಡಿದಿದ್ದ.

ನಾನು ನೀರಜಾ. ಇನ್ಶೂರೆನ್ಸ್ ಕಂಪನಿಗಳಿಗಾಗಿ ಸುಳ್ಳು ಕ್ಲೇಮು ಹಿಡಿದು ಹಿಡಿದು ಬೇಸತ್ತು, ಈಗ ಸ್ವಂತ ಪತ್ತೇದಾರಿ ಲೈಸೆನ್ಸು ಇಟ್ಟುಕೊಂಡವಳು. ಕೆನಡಾದ ಈ ಮಿಸ್ಸಿಸಾಗಾದ ಕನ್ನಡದವರ ಬಾಯಲ್ಲಿ ಸಿಐಡಿ ನೀರಜಾ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಹಿಂದಿನಿಂದ ಕರೆದದ್ದು ನನಗೆ ಕೇಳಿಸುತ್ತದೆ, ಕೇಳಿಸಿಕೊಳ್ಳುವುದೇ ನನ್ನ ಕಸುಬು.

"ಏನು ಕಾಣ್ತಿದೆ?" ಎಂದಳು ಸಂಜನಾ. ಬೆಂಗಳೂರಲ್ಲಿ ಮೆಕ್ಯಾನಿಕಲ್ ಓದಿ ಬಂದ ಹುಡುಗಿ. ವುಡ್‌ಬ್ರಿಡ್ಜಿನ ಇಂಡಸ್ಟ್ರಿಯಲ್ ಪಾರ್ಕಿನಲ್ಲಿ ಟೈಲ್ಸ್ ಗೋದಾಮಿನ ಬೆನ್ನಿಗೆ ಅವಳ ಲ್ಯಾಬು. ಮುರಿದದ್ದು ಯಾಕೆ ಮುರಿಯಿತು, ಸಿಡಿದದ್ದು ಯಾಕೆ ಸಿಡಿಯಿತು ಎಂದು ಕೋರ್ಟಿಗೆ ಹೇಳುವುದು ಅವಳ ಕೆಲಸ.

"ಕರಿ ಎಳ್ಳು."

"ಸರಿಯಾಗಿ ನೋಡಿ."

ಕನ್ನಡಕ ಏರಿಸಿಕೊಂಡು ಬಗ್ಗಿದೆ. ಎಳ್ಳಲ್ಲ. ಕೆಲವು ಸಣ್ಣ ಕಡ್ಡಿಗಳು, ಪೆನ್ಸಿಲಿನ ಸೀಸವನ್ನು ಚೂರು ಮಾಡಿದಂತೆ. ಅವುಗಳ ಜೊತೆಗೇ ಚಪ್ಪಟೆ ಚಕ್ಕೆಗಳು. ಚಕ್ಕೆಯೇ ಹೆಚ್ಚು.

"ಎರಡು ಬಗೆ" ಎಂದೆ.

"ಕರೆಕ್ಟ್. ಕಡ್ಡಿ ಇರೋದು ರೈಫಲ್ ಮದ್ದು, ನಿಧಾನಕ್ಕೆ ಉರಿಯುತ್ತೆ. ಚಕ್ಕೆ ಇರೋದು ಬಾತುಕೋಳಿ ಹೊಡಿಯೋ ಶಾಟ್‌ಗನ್‌ದು. ಇದು ಸೌದೆ ಅಂದ್ರೆ, ಅದು ಕರ್ಪೂರ. ಸೌದೆ ಅಳತೆಯಲ್ಲಿ ಕರ್ಪೂರ ತುಂಬಿದ್ರೆ ಯಾವ ಬಂದೂಕೂ ತಡಿಯಲ್ಲ. ಅದೂ ಅಜ್ಜನ ಕಾಲದ್ದು."

ತೋಟಾ ಮನೆಯಲ್ಲಿ ತುಂಬುವುದು ನಮ್ಮವರಲ್ಲಿ ಅಪರೂಪದ ಹವ್ಯಾಸ. ಬಳಸಿದ ಹಿತ್ತಾಳೆ ಕೇಸನ್ನು ತೊಳೆದು, ಹೊಸ ಕ್ಯಾಪು ಕೂರಿಸಿ, ಮದ್ದು ಅಳೆದು ಹಾಕಿ, ಮೇಲೆ ಗುಂಡು ಒತ್ತಿ, ರೇಂಜಿಗೆ ಒಯ್ದು ಹೊಡೆದು ನೋಡುವುದು. ಗುರಿ ಚದುರಿದರೆ ಮದ್ದನ್ನು ಒಂದು ಚೂರು ಹೆಚ್ಚು ಕಡಿಮೆ ಮಾಡಿ ಮತ್ತೆ ಹೊಡೆಯುವುದು. ಉಪ್ಪಿನಕಾಯಿ ಹಾಕುವವರಂತೆಯೇ ಇವರು ಕೂಡ, ಒಬ್ಬರ ಅಳತೆ ಇನ್ನೊಬ್ಬರಿಗೆ ಒಗ್ಗುವುದಿಲ್ಲ.

"ತಪ್ಪು ಡಬ್ಬ ಎತ್ತಿಕೊಂಡಿರಬಹುದಲ್ಲ? ವಯಸ್ಸಾದವರು."

"ನಾನೂ ಅದೇ ಅಂದ್ಕೊಂಡೆ. ಆದ್ರೆ ಇಲ್ನೋಡಿ." ಪೊಲೀಸರು ತಮ್ಮ ಪರೀಕ್ಷೆ ಮುಗಿಸಿ ನಮ್ಮ ಪಾಲಿಗೆ ಕೊಟ್ಟಿದ್ದ ಪೆಟ್ಟಿಗೆಯನ್ನು ತೆರೆದಳು. "ಅವರು ತುಂಬಿದ ಕ್ರಮದಲ್ಲೇ ಸಾಲಾಗಿ ಇಟ್ಟಿದ್ದಾರೆ. ಈ ಮೊದಲ ಸಾಲು ಪೂರ್ತಿ ಚಕ್ಕೆ. ನಡುವಿಂದು ಅರ್ಧಂಬರ್ಧ. ಕೊನೇ ಸಾಲು ಬರೀ ಕಡ್ಡಿ, ಒಂದು ಚಕ್ಕೆನೂ ಇಲ್ಲ. ತಪ್ಪು ಡಬ್ಬ ಆಗಿದ್ರೆ ಎಲ್ಲದ್ರಲ್ಲೂ ಚಕ್ಕೆಯೇ ಇರಬೇಕಿತ್ತು."

"ಅಂದರೆ?"

"ಅಂದ್ರೆ ರೈಫಲ್ ಮದ್ದಿನ ಡಬ್ಬದಲ್ಲೇ, ತಳದಲ್ಲಿ ಉಳಿದಿದ್ದ ಕಡ್ಡಿ ಮೇಲೆ, ಯಾರೋ ಚಕ್ಕೆ ಸುರಿದಿದ್ದಾರೆ. ಅಳತೆ ಮೆಷಿನ್ನಿಗೆ ಬಗ್ಗಿಸಿದಾಗ ಮೇಲಿದ್ದದ್ದು ಮೊದಲು ಹೋಗಿ ತಳ ಸೇರ್ತು, ಮೊದಲು ಹೊರಗೆ ಬಂತು. ಇದು ಕೈತಪ್ಪಲ್ಲ ಆಂಟಿ. ಸಮ್‌ಬಡಿ ಪೋರ್ಡ್ ಇಟ್."

"ತುಂಬುವಾಗ ಕಣ್ಣಿಗೆ ಕಾಣಲ್ವಾ?"

"ನೋಡಿದ್ರೆ ಕಾಣುತ್ತೆ. ಅವರಂಥವರು ನೋಡದೇ ಇರಲ್ಲ. ಅದೇ ನಂಗೆ ಅರ್ಥ ಆಗ್ತಿಲ್ಲ."

ನನಗೂ ಅರ್ಥವಾಗಲಿಲ್ಲ. ಸತ್ಯಪ್ರಕಾಶ್ ಉಕ್ಕಿನ ಕಾರ್ಖಾನೆಯಲ್ಲಿ ಜೀವಮಾನವಿಡೀ ಲೋಹ ಪರೀಕ್ಷೆ ಮಾಡಿದ ಎಂಜಿನಿಯರು. ಚಹಾದಲ್ಲಿ ಸಕ್ಕರೆ ಕರಗಿತೋ ಇಲ್ಲವೋ ಎಂದು ಲೋಟವನ್ನು ಬೆಳಕಿಗೆ ಹಿಡಿದು ನೋಡುವ ಮನುಷ್ಯ.

ಕಾರಿಗೆ ಬಂದು ಕೂತೊಡನೆ ಕರಣ್ ಫೋನು. ಕರಣ್ ಎಂದರೆ ಸತ್ಯಪ್ರಕಾಶರ ವಕೀಲ. ಇಲ್ಲೇ ಹುಟ್ಟಿದ ಹುಡುಗ, ರೆಕ್ಸ್‌ಡೇಲಿನಲ್ಲಿ ಆಫೀಸು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಅಷ್ಟಾಗಿ ಬರುವುದಿಲ್ಲ.

"ನೀರಜಾ ಆಂಟಿ, ಹಿ ಈಸ್ ಡನ್. ಮಂಡೇ ಮಾರ್ನಿಂಗ್ ಗಿಲ್ಟಿ ಪ್ಲೀಡ್ ಮಾಡ್ತಾರಂತೆ."

"ಯಾವುದಕ್ಕೆ?"

"ಕ್ರಿಮಿನಲ್ ನೆಗ್ಲಿಜೆನ್ಸ್. ಐ ಟೋಲ್ಡ್ ಹಿಮ್, ಅಂಕಲ್, ಯು ಕುಡ್ ಡೈ ಇನ್ ದೇರ್. ಹಿ ಸೇಸ್, ‘ನನ್ನ ಮದ್ದು, ನನ್ನ ಕೈ.’ ದಟ್ಸ್ ಆಲ್ ಹಿ ಸೇಸ್."

"ಕರಣ್, ಆ ಡಬ್ಬಕ್ಕೆ ಬೇರೆ ಯಾರೋ ಮದ್ದು ಸುರಿದಿದ್ದಾರೆ."

"ಹೂ ಡಿಡ್ ಇಟ್?"

"ಗೊತ್ತಿಲ್ಲ. ಸೋಮವಾರದೊಳಗೆ ಹೇಳ್ತೀನಿ."

ಇವತ್ತು ಶುಕ್ರವಾರ. ಎಪ್ಪತ್ತು ದಾಟಿದ ಮನುಷ್ಯ ತಾನು ಮಾಡದ ತಪ್ಪಿಗೆ ಜೈಲಿಗೆ ಹೋಗಿ ಅಲ್ಲೇ ಕಣ್ಣು ಮುಚ್ಚಬೇಕೇ ಎಂದು ನನಗೆ ಸಂಕಟವಾಯಿತು. ಊರಿನವರಿಗೆ ಆ ಸಂಕಟವಿರಲಿಲ್ಲ. ಅವರ ಪ್ರಕಾರ ಇದು ಕೊಲೆ, ಕಾರಣವೂ ಸ್ಪಷ್ಟ: ಸಾವಿಗೆ ಒಂದು ವರ್ಷ ಮೊದಲು ಕನ್ನಡ ಕೂಟದ ಊಟದ ಸಾಲಿನಲ್ಲಿ ಗೋಪಾಲ ಡಾಕ್ಟರು ಎಲ್ಲರೆದುರಿಗೆ, "ಸತ್ಯಾ, ಸಾಕು, ಬಂದೂಕು ಕೆಳಗಿಡು ಇನ್ನ" ಅಂದಿದ್ದರು. ಸತ್ಯಪ್ರಕಾಶ್ ಎಲೆ ಬಿಟ್ಟು ಎದ್ದು ಹೋಗಿದ್ದರು. ಗದಗಿನ ಒಂದೇ ಓಣಿಯ ಗೆಳೆಯರು ಒಂದು ವರ್ಷ ಮಾತು ಬಿಟ್ಟರು. ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಎಂದು ಕೇಳುವವರ ಬಾಯಿಗೆ ಬೀಗ ಹಾಕುವುದು ನನ್ನಿಂದಾಗದ ಕೆಲಸ.

ಎರಿನ್ ಮಿಲ್ಸಿನ ಅವರ ಮನೆ ತಲುಪಿದಾಗ ಬೀದಿಯ ತುಂಬ ಮಾರ್ಚ್ ತಿಂಗಳ ಕೊಳಕು ಹಿಮ. ಬಾಗಿಲು ತೆರೆದವರು ವಿಜಯಕ್ಕ, ಸತ್ಯಪ್ರಕಾಶರ ಹೆಂಡತಿ.

"ಬಾರವಾ ನೀರಜಾ. ಕೆಳಗ ಬೇಸ್‌ಮೆಂಟಿನ್ಯಾಗ ಅದಾರ ನೋಡು. ಏನೂ ಇಲ್ಲದ ಮೇಜು ಒರಸ್ಕೋತ ಕೂತಾರ."

ನಿಜವಾಗಿಯೂ ಒರೆಸುತ್ತಿದ್ದರು. ಪೊಲೀಸರು ಎಲ್ಲವನ್ನೂ ಒಯ್ದಿದ್ದರು, ಗುಂಡು ಒತ್ತುವ ಪ್ರೆಸ್ಸು, ತಕ್ಕಡಿ, ಮದ್ದಿನ ಕಪಾಟು. ಪ್ಲೈವುಡ್ಡಿನ ಮೇಲೆ ಡಬ್ಬಗಳು ನಿಂತಿದ್ದ ಜಾಗದಲ್ಲಿ ಗುಂಡನೆಯ ಬಿಳಿ ಗುರುತುಗಳು ಮಾತ್ರ ಇದ್ದವು.

"ಎರಡು ಬಗೆ ಮದ್ದು ಸಿಕ್ಕಿದೆ ಸರ್, ಒಂದರ ಮೇಲೊಂದು" ಎಂದೆ.

"ಗೊತ್ತದ. ಪೊಲೀಸರೂ ಹೇಳ್ಯಾರ."

"ಹೇಗೆ ಬಂತು?"

"ನನ್ನ ಕೈಲಿಂದನ ಬಂದಿರಬೇಕು. ಈ ಮನ್ಯಾಗ ಮದ್ದು ಮುಟ್ಟೋ ಕೈ ಬ್ಯಾರೆ ಯಾವುದದ?"

"ಬಂದಿರಬೇಕು ಅಂದ್ರೆ? ನೆನಪಿಲ್ವಾ?"

ಅವರು ಬಟ್ಟೆಯನ್ನು ಮೇಜಿನ ಮೇಲೆ ಎಸೆದರು. "ನೆನಪು, ನೆನಪು. ಎಲ್ಲಾರಿಗೂ ನನ್ನ ನೆನಪಿಂದ ಚಿಂತಿ."

ನಾನು ಆ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟೆ.

"ನೋಡ್ರಿ ನೀರಜಾ" ಎಂದರು ಕೊನೆಗೆ, ದನಿ ತಗ್ಗಿಸಿ. "ಈ ಕೆಲಸಾ ಕಲಿಯಾಕ ಬಂದ ಹುಡುಗರಿಗೆಲ್ಲಾ ನಾನ ಹೇಳ್ತಿದ್ದೆ. ಮೇಜಿನ ಮ್ಯಾಲ ಒಂದ ಡಬ್ಬಿ ಇರಬೇಕು. ಎರಡು ಬಂದ್ವು ಅಂದ್ರ ಒಬ್ಬಾಂವ ಸಾಯ್ತಾನ ಅಂತ. ನಾನ ಹೇಳಿದ್ದು. ನನ್ನ ಮೇಜಿನ ಮ್ಯಾಲನ ಆತು."

"ಹೊಸ ತೋಟಾದ ಮೊದಲನೇ ಗುಂಡು ಯಾವಾಗಲೂ ನೀವೇ ಹೊಡೀತಿದ್ರಂತೆ. ತುಂಬಿದವನೇ ಮೊದಲು ಹೊಡೀಬೇಕು ಅಂತ ನಿಮ್ಮ ನಿಯಮ. ಅವತ್ತು ಗೋಪಾಲ್ ಸರ್ ಯಾಕೆ?"

"ಇಸಕೊಂಡ. ಕೊಡು ಇಲ್ಲೆ ಅಂತ ನನ್ನ ಕೈಯಾಗಿಂದ ಇಸಕೊಂಡ." ಅವರ ಗಲ್ಲ ನಡುಗಿತು. "ನಾ ಕೊಡಬಾರದಿತ್ತು. ಅವ ಸತ್ತ, ನಾ ಉಳದೆ. ಹಿಂಗ ಆಗಬಾರದಿತ್ತು."

ಗೋಪಾಲರು ಬಂದೂಕು ಇಸಕೊಂಡದ್ದನ್ನು ನೋಡಿದವರು ಬೇರೆ ಯಾರೂ ಇರಲಿಲ್ಲ. ಅದಕ್ಕೆ ಸತ್ಯಪ್ರಕಾಶರ ಮಾತೊಂದೇ ಸಾಕ್ಷಿ. ಆದರೂ ಆ ಹೊತ್ತಿನಲ್ಲಿ ನಾನು ಅವರನ್ನು ಪೂರ್ತಿ ನಂಬಿದೆ.

"ಮದ್ದಿನ ಕಪಾಟಿಗೆ ಎರಡು ಕೀಲಿಕೈ ಇತ್ತಂತಲ್ಲ?"

"ಒಂದು ನನ್ನ ಕಡೆ ಇತ್ತು, ಪೊಲೀಸರಿಗೆ ಕೊಟ್ಟೀನಿ. ಇನ್ನೊಂದು ಎಲ್ಲೋ ಕಳದದ. ಸಾಕ್ರಿ ಇನ್ನ. ಸೋಮವಾರ ಎಲ್ಲಾ ಮುಗೀತದ, ನೀವು ಮನಿಗೆ ಹೋಗ್ರಿ."

ಮನೆಗೆ ಹೋಗು ಎಂದವರ ಮನೆಯಲ್ಲಿ ಇನ್ನಷ್ಟು ಹೊತ್ತು ಕೂರುವುದು ನನ್ನ ಹಳೆಯ ಚಟ. ಮೇಲಕ್ಕೆ ಬಂದೆ.

ಅಡಿಗೆಮನೆಯಲ್ಲಿ ವಿಜಯಕ್ಕ ಚಹಾ ಸೋಸುತ್ತಿದ್ದರು. ಒಂದು ತಟ್ಟೆಯಲ್ಲಿ ಅವಲಕ್ಕಿ ಚೂಡಾ ಹಾಕಿ ನನ್ನ ಮುಂದಿಟ್ಟರು. ಇಡೀ ಚಳಿಗಾಲದಲ್ಲಿ ಅವರ ಮನೆಗೆ ಚೂಡಾ ತಿನ್ನಲು ಯಾರೂ ಬಂದಿರಲಿಕ್ಕಿಲ್ಲ.

"ಪದ್ಮಾ ಹೆಂಗದಾಳ?" ಎಂದು ಕೇಳಿದರು. ಪದ್ಮಾ ಗೋಪಾಲ ಡಾಕ್ಟರ ಹೆಂಡತಿ.

"ಇದ್ದಾರೆ. ಮಗಳ ಮನೇಲಿ."

"ದಿನಾ ಫೋನ್ ತಗೋತೀನಿ. ನಂಬರ್ ಹಚ್ಚೂದಿಲ್ಲ. ಏನಂತ ಹೇಳ್ಲಿ?" ಸೆರಗಿನಿಂದ ಮೂಗು ಒರೆಸಿಕೊಂಡರು. "ಇಬ್ಬರೂ ಮತ್ತ ಒಂದಾಗಿದ್ರು ನೀರಜಾ. ದಸರಾದ ಸಂಜಿಗೆ ಬನ್ನಿ ಹಿಡಕೊಂಡು ಬಂದಿದ್ದ ಗೋಪಣ್ಣ. ಊರಿಂದ ಯಾರೋ ತಂದಿದ್ದ ಒಣಾ ಎಲಿ, ಪ್ಲಾಸ್ಟಿಕ್ ಚೀಲದಾಗ. ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಅಂತ ಇವರ ಕೈಯಾಗ ಇಟ್ಟ. ಇಬ್ಬರೂ ಅಪ್ಪಿಕೊಂಡು ಅತ್ತರು. ಹೋಗೂ ಮುಂದ ನನಗ ಹೇಳಿದ, ‘ವೈನಿ, ಇವನ್ನ ಒಬ್ಬನ್ನ ರೇಂಜಿಗೆ ಬಿಡಬ್ಯಾಡ್ರಿ, ಇನ್ಮ್ಯಾಲ ನಾನು ಜೊತಿಗೆ ಹೋಗ್ತೀನಿ’ ಅಂತ."

"ಯಾಕೆ ಹಾಗಂದ್ರು?"

"ಕೇಳಲಿಲ್ಲ. ಒಂದಾದ್ರಲ್ಲಾ, ಅಷ್ಟ ಸಾಕಾತು ನನಗ."

ಕೇಳಬೇಕಿತ್ತು ಎಂದು ಅವರಿಗೂ ಅನ್ನಿಸಿರಬೇಕು. ಒಲೆಯ ಕಡೆ ತಿರುಗಿ ಚಹಾದ ಪಾತ್ರೆ ಎತ್ತಿಟ್ಟರು.

ಅಡಿಗೆಮನೆಯ ಮೂಲೆಯ ಕಪಾಟಿನಲ್ಲೇ ದೇವರ ಜಗುಲಿ. ನನ್ನ ಕಣ್ಣು ಸುಮ್ಮನೆ ಅತ್ತ ಹೋಯಿತು. ಬೆಳ್ಳಿ ಲಕ್ಷ್ಮಿ, ಯಲ್ಲಮ್ಮನ ಫೋಟೋ, ಎಣ್ಣೆ ಬತ್ತಿದ ದೀಪ. ಫೋಟೋದ ಪಕ್ಕದ ಮೊಳೆಗೆ ಒಂದು ಸಣ್ಣ ಕೀಲಿಕೈ ನೇತಾಡುತ್ತಿತ್ತು. ಅದರ ಮೇಲೆ ಒಣಗಿದ ಕುಂಕುಮ.

"ವಿಜಯಕ್ಕ, ಅದು ಯಾವುದರ ಕೀಲಿಕೈ?"

"ಅದಾ? ಕೆಳಗಿನ ಕಪಾಟಿಂದು. ಅವರು ಎಲ್ಲಿ ಬೇಕಲ್ಲಿ ಇಟ್ಟು ಹುಡುಕ್ಯಾಡತಿದ್ರು. ನಾನ ತಂದು ದೇವರ ಹತ್ರ ಹಾಕೀನಿ."

"ಮದ್ದಿನ ಕಪಾಟಾ?"

"ಹೂಂ."

ಇಷ್ಟು ಸಲೀಸಾಗಿ ಹೇಳಿದರು. ಬಚ್ಚಿಡುವವರು ಹೀಗೆ ಹೇಳುವುದಿಲ್ಲ. ನಾನು ಚಹಾದ ಲೋಟವನ್ನು ಪಕ್ಕಕ್ಕಿಟ್ಟೆ.

"ಕುಂಕುಮ ಯಾಕಿದೆ?"

"ಖಂಡೇಪೂಜಿಗೆ ಹಚ್ಚಿದ್ದು." ನನ್ನ ಮುಖ ನೋಡಿ ಬಿಡಿಸಿ ಹೇಳಿದರು. "ನಿಮ್ಮ ಮೈಸೂರು ಕಡೆ ಆಯುಧಪೂಜಿ ಅಂತೀರಲ್ಲ, ಅದನ. ನವಮಿ ದಿನಾ."

"ಕೆಳಗಿನ ಸಾಮಾನಿಗೂ ಪೂಜೆ ಮಾಡಿದ್ರಾ?"

"ಮಾಡದ ಬಿಡ್ತೀವೇನು? ವರ್ಷಾ ಮಾಡ್ತೀನಿ. ಕಾರು, ಮಿಕ್ಸರು, ಹೊಲಿಗಿ ಮಷಿನ್ನು, ಅವರ ಬಂದೂಕು, ತೋಟಾ ತುಂಬೋ ಸಾಮಾನು. ತಡಿ, ಫೋಟೋ ಅದ."

ಫೋನು ತಂದು ತೋರಿಸಿದರು. ಪ್ಲೈವುಡ್ ಮೇಜಿನ ಮೇಲೆ ಹಸಿರು ರವಿಕೆ ಕಣ ಹಾಸಿದೆ. ಬೀಗ ಹಾಕಿದ ಹಳೆಯ ಬಂದೂಕಿಗೆ ಚೆಂಡುಹೂವಿನ ಮಾಲೆ. ಪ್ರೆಸ್ಸಿನ ಹಿಡಿಕೆಗೆ ಅರಿಷಿಣದ ದಾರ. ಮುಂದೆ ಎರಡು ಡಬ್ಬಗಳು, ಒಂದು ದೊಡ್ಡದು, ಒಂದು ಸಣ್ಣದು. ಎರಡಕ್ಕೂ ವಿಭೂತಿ, ಕುಂಕುಮ. ಮೇಜಿನ ಮೇಲೆ ಒಂದೇ ಡಬ್ಬ ಇರಬೇಕೆಂಬ ನಿಯಮ ದೇವರಿಗೆ ಅನ್ವಯಿಸುವುದಿಲ್ಲವಲ್ಲ.

"ಪೊಲೀಸರಿಗೆ ಇದನ್ನ ಹೇಳಿದ್ರಾ?"

"ಬಂದೂಕು ಮುಟ್ಟಿದ್ರೇನು ಅಂತ ಕೇಳಿದ್ರು. ಇಲ್ಲ ಅಂದೆ. ತೋಟಾ ತುಂಬಿದ್ರೇನು ಅಂದ್ರು. ಇಲ್ಲ ಅಂದೆ. ಪೂಜಿ ಮಾಡಿರೇನು ಅಂತ ಯಾರ ಕೇಳ್ಯಾರ?"

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿದೆ. ಸಣ್ಣ ಡಬ್ಬದ ಮುಚ್ಚಳ ತೆರೆದಿತ್ತು. ಒಳಗೆ ಕಪ್ಪಾಗಿ ಅರ್ಧದವರೆಗೆ ಏನೋ ತುಂಬಿತ್ತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಚಹಾ ಕುಡಿದು, ಚೂಡಾ ಚೆನ್ನಾಗಿದೆ ಎಂದು ಹೇಳಿ, ಎದ್ದು ಬರಬಹುದಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನನ್ನ ತಾಯಿ ದಿನಕ್ಕೊಮ್ಮೆ ಹೇಳುತ್ತಿದ್ದರು. ನನ್ನ ಬಾಯಿ ಕೇಳಬೇಕಲ್ಲ.

"ರೈಫಲ್ ಮದ್ದಿನ ಈ ಸಣ್ಣ ಡಬ್ಬ ಬಹುತೇಕ ಖಾಲಿಯಾಗಿತ್ತು ಅಂತ ಸರ್ ಪೊಲೀಸರಿಗೆ ಹೇಳಿದ್ದಾರೆ. ಇಲ್ಲಿ ಅರ್ಧ ತುಂಬಿದೆಯಲ್ಲ ವಿಜಯಕ್ಕ?"

"ಖಾಲೀನ ಇತ್ತು. ತಳದಾಗ ನಾಕು ಕಾಳು. ಬರೇ ಡಬ್ಬಿ ದೇವರ ಮುಂದ ಇಡಬಾರದವಾ. ಅಕ್ಕಿ ಡಬ್ಬಿ ಆಗ್ಲಿ, ಹಿಟ್ಟಿನ ಡಬ್ಬಿ ಆಗ್ಲಿ, ಬರಿದು ಮಾಡಿ ಇಡೂದಿಲ್ಲ ನಾವು. ಲಕ್ಷ್ಮಿ ಹೊರಗ ಹೋಗ್ತಾಳ. ನಮ್ಮ ಅತ್ತಿ ಸುಶೀಲವ್ವ ಒಂದ ಹಿಡಿ ಇಲ್ಲದ ಯಾವ ಡಬ್ಬೀನೂ ಪೂಜಿಗೆ ಇಡಗೊಡ್ತಿರಲಿಲ್ಲ. ಅದಕ್ಕ ಆ ದೊಡ್ಡ ಡಬ್ಬ್ಯಾಗಿಂದ ಇದಕ್ಕ ಒಂದೆರಡು ಹಿಡಿ..."

ಅವರ ಕಣ್ಣು ಫೋಟೋದ ಮೇಲೆ ನಿಂತಿತು.

ಕೈವಾಡ, ಹಗೆ, ಕಳ್ಳ ಕೀಲಿಕೈ ಎಂದು ನನ್ನ ತಲೆ ಊರೆಲ್ಲ ಅಲೆದು ಬಂದಿತ್ತು. ಇದ್ದದ್ದು ಇಷ್ಟೇ. ಮನೆ ತುಂಬಿರಲಿ ಎಂದು ಒಬ್ಬ ಹೆಂಗಸು ಒಂದೆರಡು ಹಿಡಿ ಸುರಿದಿದ್ದಳು. ಯಾವ ಕೆನಡಾದ ಪೊಲೀಸನ ತಲೆಗೆ ಇದು ಹೊಳೆದೀತು?

"ಎರಡೂ ಒಂದ ಥರಾ ಕರ್ರಗ ಇದ್ವು" ಎಂದರು ವಿಜಯಕ್ಕ ಮೆಲ್ಲಗೆ. "ಒಂದ ಸಾಮಾನು ಅಂತ ತಿಳಕೊಂಡಿದ್ದೆ."

"ಒಂದೇ ಅಲ್ಲ."

"ಅದಕ್ಕ ಸಿಡೀತೇನು?"

ಏನು ಹೇಳಲಿ? ವಕೀಲನ ಕಡೆಯವಳಾಗಿ ನನ್ನ ಕೆಲಸ ಮುಗಿದಿತ್ತು. ಸತ್ಯಪ್ರಕಾಶ್ ತಪ್ಪಿತಸ್ಥರಲ್ಲ ಎಂದು ಸೋಮವಾರ ಕರಣ್ ಎದೆ ತಟ್ಟಿ ಹೇಳಬಹುದು. ಆದರೆ ಅವರನ್ನು ಬಿಡಿಸಲು ನಾನು ಈ ಹೆಂಗಸಿನ ಕೊರಳಿಗೆ ಗೋಪಾಲರ ಸಾವನ್ನು ಕಟ್ಟಬೇಕಿತ್ತು. ಆ ಕ್ಷಣದಲ್ಲಿ ಇನ್ಶೂರೆನ್ಸಿನವರ ಸುಳ್ಳು ಕ್ಲೇಮುಗಳೇ ಎಷ್ಟೋ ವಾಸಿ ಎನ್ನಿಸಿತು.

"ಹೌದು ವಿಜಯಕ್ಕ" ಎಂದೆ. "ಸುರಿದ ಆ ಮದ್ದಿಗೇ ಸಿಡಿದಿದ್ದು. ನಿಮಗೆ ಗೊತ್ತಿರಲಿಲ್ಲ. ಇದರಲ್ಲಿ ನಿಮ್ಮ ತಪ್ಪಿಲ್ಲ."

ಅಳುತ್ತಾರೆ ಎಂದುಕೊಂಡೆ. ಕುಸಿದು ಕೂರುತ್ತಾರೆ ಎಂದು ಹಿಡಿಯಲು ಅರ್ಧ ಎದ್ದೂ ನಿಂತೆ. ವಿಜಯಕ್ಕ ಅಳಲಿಲ್ಲ. ಹುಬ್ಬು ಗಂಟಿಕ್ಕಿ, ಲೆಕ್ಕ ತಾಳೆಯಾಗದವರಂತೆ ನನ್ನನ್ನೇ ನೋಡಿದರು.

"ಅದು ಹೆಂಗಾಗ್ತದ?" ಎಂದರು.

"ಮೇಲಿದ್ದ ಮದ್ದು ಮೊದಲು..."

"ಅದಲ್ಲ. ಆ ಡಬ್ಬಿ ಅವರು ಚೆಲ್ಲಿದ್ರಲ್ಲ."

"ಯಾರು?"

"ನಮ್ಮ ಮನಿಯವರ. ನವಮಿ ದಿನಾ ಊಟಕ್ಕ ಕೂತಾಗ ನಾನ ಹೇಳಿದೆ, ಸಣ್ಣ ಡಬ್ಬಿ ಬರಿದಿತ್ತು, ದೊಡ್ಡದರಾಗಿಂದ ಸುರುವಿ ಇಟ್ಟೀನಿ ಅಂತ. ಕೈಯಾಗಿನ ತುತ್ತು ಬಿಟ್ಟು ಎದ್ರು. ಹಿಂಗ್ಯಾಕ ಮಾಡಿದಿ, ಯಾರರೆ ಸಾಯ್ತಿದ್ರು ಅಂತ ಬೈದ್ರು. ಕೆಳಗ ಹೋಗಿ ಬಂದು, ಹಿತ್ತಲದಾಗ ಚೆಲ್ಲಿ ನೀರು ಸುರುವೀನಿ, ಇನ್ನ ಚಿಂತಿಲ್ಲ ಅಂದ್ರು. ಅದಕ್ಕ ಅದು ಮುಗದ ಹೋತು ಅಂತ ನಾ ಮರತ ಬಿಟ್ಟಿದ್ದೆ. ಇಲ್ಲಂದ್ರ ಪೊಲೀಸರಿಗೆ ಹೇಳದ ಬಿಡ್ತಿದ್ದೆನೇನು?"

ನಾನು ಫೋನನ್ನು ಅವರ ಕೈಗೆ ವಾಪಸು ಕೊಟ್ಟೆ.

ಸತ್ಯಪ್ರಕಾಶರಿಗೆ ಗೊತ್ತಿತ್ತು. ತೋಟಾ ತುಂಬುವುದಕ್ಕೆ ಮೊದಲೇ, ಬನ್ನಿ ಕೊಟ್ಟು ಅಪ್ಪಿಕೊಂಡು ಅಳುವುದಕ್ಕೆ ಹಿಂದಿನ ದಿನವೇ, ಆ ಡಬ್ಬದಲ್ಲಿ ಸಾವಿದೆ ಎಂದು ಅವರಿಗೆ ತಿಳಿದಿತ್ತು. ಚೆಲ್ಲಿದೆ ಎಂದು ಹೆಂಡತಿಗೆ ಹೇಳಿ, ಚೆಲ್ಲದೆ ಇಟ್ಟುಕೊಂಡಿದ್ದರು. ಅದರಿಂದಲೇ ತೋಟಾ ತುಂಬಿ, ಎಂದೂ ಕೊಡದ ಮೊದಲ ಗುಂಡನ್ನು ಗೆಳೆಯನ ಕೈಗೆ ಕೊಟ್ಟಿದ್ದರು. ಇಷ್ಟನ್ನು ಸರ್ಕಾರದ ಕಡೆಯ ಕ್ರೌನ್ ವಕೀಲರ ಮುಂದಿಟ್ಟರೆ ನೆಗ್ಲಿಜೆನ್ಸು ಎಂಬ ಪದವನ್ನು ಅವರು ಮತ್ತೆ ಬಾಯಿಗೆ ತರುವುದಿಲ್ಲ, ಕೊಲೆ ಎನ್ನುತ್ತಾರೆ.

ವಿಜಯಕ್ಕ ಗಂಡನನ್ನು ಉಳಿಸಲೆಂದು ಬಾಯಿ ಬಿಟ್ಟಿರಲಿಲ್ಲ, ಸಿಕ್ಕಿಸಲೆಂದೂ ಬಿಟ್ಟಿರಲಿಲ್ಲ. ನಾನು ಕೇಳಿದೆ, ಅವರು ಹೇಳಿದರು. ಯಾಕಾದರೂ ಕೇಳಿದೆನೋ.

"ಇದನ್ನ ಯಾರಿಗೂ ಹೇಳಬೇಡಿ" ಎಂದು ಶುರು ಮಾಡಿದೆ.

"ಏನು ಹೇಳಬಾರದು?"

ಬೇಸ್‌ಮೆಂಟಿನ ಮೆಟ್ಟಿಲ ಬಾಗಿಲಲ್ಲಿ ಸತ್ಯಪ್ರಕಾಶ್ ನಿಂತಿದ್ದರು. ಯಾವಾಗ ಹತ್ತಿ ಬಂದರೋ, ಎಷ್ಟು ಕೇಳಿಸಿಕೊಂಡಿದ್ದರೋ.

"ಆ ಮದ್ದಿನ ಡಬ್ಬಿ" ಎಂದರು ವಿಜಯಕ್ಕ. "ನೀವು ಚೆಲ್ಲೀನಿ ಅಂದಿದ್ರಲ್ಲ. ನಾ ಪೂಜಿಗೆ ಸುರುವಿದ್ದು. ಹೇಳಿದ್ದೆನಲ್ಲ ನಿಮಗ."

"ನನಗ? ಯಾವಾಗ ಹೇಳಿದಿ?"

"ನವಮಿ ದಿನಾ. ಊಟದ ಮುಂದ."

ಸತ್ಯಪ್ರಕಾಶ್ ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು. ಸಿಕ್ಕಿಬಿದ್ದವನ ಕಣ್ಣು ಬಾಗಿಲ ಕಡೆ ಓಡುತ್ತದೆ, ಅದನ್ನು ನಾನು ನೂರು ಸಲ ಕಂಡಿದ್ದೇನೆ. ಅವರ ಕಣ್ಣು ಓಡಲಿಲ್ಲ. ಅವರು ಒಳಗೆ ಬಂದು, ಮೇಜಿಗೆ ಕೈ ಊರಿ, ಮಗುವಿಗೆ ಹೇಳುವಷ್ಟು ತಾಳ್ಮೆಯಿಂದ ಹೇಳಿದರು:

"ಅದರಾಗಿಂದನ ನಾ ತುಂಬೀನಲ್ಲ ವಿಜಯಾ. ಫೋನ್ ತಗೊ. ಗೋಪ್ಯಾಗ ಹಚ್ಚು ಈಗಿಂದೀಗ. ನಾಳೆ ರೇಂಜಿಗೆ ಬರಬ್ಯಾಡ ಅಂತ ಹೇಳು ಅವಗ."

ವಿಜಯಕ್ಕನ ಕೈಯಲ್ಲಿ ಫೋನು ಇತ್ತು. ಅವರು ಅದನ್ನು ಎದೆಗೆ ಒತ್ತಿಕೊಂಡು ನನ್ನತ್ತ ತಿರುಗಿದರು, ನಾನು ಏನಾದರೂ ಹೇಳುತ್ತೇನೆ ಎಂದು.

ಇದೇ ಮನುಷ್ಯ ಈಗಷ್ಟೇ ಕೆಳಗೆ ನನ್ನೆದುರು, ಅವ ಸತ್ತ, ನಾ ಉಳದೆ ಎಂದು ಗಲ್ಲ ನಡುಗಿಸಿದ್ದರು. ಈಗ ನನ್ನ ಮುಂದೆ ನಿಂತಿದ್ದದ್ದು ನೆನಪು ಕಳಚಿಹೋಗುತ್ತಿರುವ ಮುದುಕನೋ, ಬಾಗಿಲ ಹಿಂದೆ ನಿಂತು ಪ್ರತಿಯೊಂದು ಮಾತನ್ನೂ ಕೇಳಿಸಿಕೊಂಡ ಬುದ್ಧಿವಂತನೋ ನನಗೆ ಹೇಳಲಾಗಲಿಲ್ಲ.

"ಹಚ್ಚು ಅಂದ್ರ" ಎಂದರು ಸತ್ಯಪ್ರಕಾಶ್. "ಯಾಕ ಹಿಂಗ ನಿಂತೀರಿ ಇಬ್ಬರೂ?"